ಮುತ್ಯಾನ ಮೀಸೆ ಮತ್ತು ಹುಲಿಪಟ್ಟೆಯ ಮೀನುಗಳು

ನೇಕಾರರ ಓಣಿಯಲ್ಲಿ ಕಸ್ತೂರೆವ್ವ ಎಂಬ ಹೆಣ್ಣುಮಗಳಿದ್ದಳು. ನೂಲಿಗೆ ಬಣ್ಣ ಹಾಕುವುದು ಅವಳ ಕೆಲಸ. ಸೀರೆಯ ಯಾವ ಒಡಲಿಗೆ ಯಾವ ಅಂಚು, ಯಾವ ಅಂಚಿಗೆ ಯಾವ ಸೆರಗು ಅಂತ ಅವಳು ಒಂದು ಸಲ ಹೇಳಿದರೆ ಮುಗೀತು, ಆಮೇಲೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮದುವೆಯ ಸೀರೆ ನೇಯಿಸುವವರು ಮಗ್ಗದ ಮನೆಗೆ ಹೋಗುವ ಮೊದಲು ಅವಳ ಕಟ್ಟೆಗೆ ಬಂದು ಕೂಡುತ್ತಿದ್ದರು. ಕಣ್ಣು ಅಂದರೆ ಕಣ್ಣು, ಮಕ್ಕಳೇ! ಆ ಕಣ್ಣಿನ ಮೇಲೆ ಅವಳಿಗೆ ಬಹಳ ನಂಬಿಕೆ. ಸ್ವಲ್ಪ ಜಂಬವೂ ಇತ್ತು ಅನ್ನಿ.

ಅವಳ ಮಗ ವಿರೂಪಾಕ್ಷನಿಗೆ ಮದುವೆಯಾಯಿತು. ಸೊಸೆ ಬನಶ್ರೀ ಮನೆಗೆ ಬಂದಳು. ಬರುವಾಗ ಟ್ರಂಕು ತಂದಳು, ಹಾಸಿಗೆ ತಂದಳು, ಅದು ಎಲ್ಲರೂ ತರುವುದೇ. ಈ ಹುಡುಗಿ ಜೊತೆಗೊಂದು ಗಾಜಿನ ತೊಟ್ಟಿಯನ್ನೂ ತಂದಳು. ತೊಟ್ಟಿಯಲ್ಲಿ ಒಂದೇ ಒಂದು ಮೀನು. ಅಂಗೈ ಉದ್ದದ್ದು. ಬೂದು ಮೈ, ಮೈತುಂಬ ರವೆ ಚೆಲ್ಲಿದಂತೆ ಬಿಳಿ ಚುಕ್ಕಿ. ಎದೆಯ ಕೆಳಗಿಂದ ಎರಡು ಉದ್ದನೆಯ ಎಳೆ, ರೇಷ್ಮೆ ನೂಲಿನಂಥವು, ಮುಂದಕ್ಕೆ ಚಾಚಿಕೊಂಡಿದ್ದವು. ಅಂಗಡಿಯವರು ಈ ಜಾತಿಗೆ ಗುರಾಮಿ ಅನ್ನುತ್ತಾರೆ. ಬನಶ್ರೀ ಮಾತ್ರ ಅದನ್ನು ಮುತ್ಯಾ ಅಂತ ಕರೆಯುತ್ತಿದ್ದಳು. ಆ ಎರಡು ಎಳೆ ಅಜ್ಜನ ಮೀಸೆಯ ಹಾಗೆ ಕಾಣುತ್ತಿದ್ದವಲ್ಲ, ಅದಕ್ಕೆ.

ಮುತ್ಯಾ ಬಹಳ ನಿಧಾನ. ಕತ್ತಲೆಯಲ್ಲಿ ಕೈಚಾಚಿ ಗೋಡೆ ತಡವುವವರ ಹಾಗೆ, ಆ ಮೀಸೆಯಿಂದ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿತ್ತು. ಕಾಳು ಹಾಕಿದರೆ ಮೊದಲು ಮುಟ್ಟಿ, ಆಮೇಲೆ ತಿನ್ನುತ್ತಿತ್ತು. ಉಗುರಿನಷ್ಟು ಮರಿಯಿದ್ದಾಗಿನಿಂದ ಬನಶ್ರೀಯೇ ಸಾಕಿದ್ದು. ಅವಳು ಗಾಜಿಗೆ ಬೆರಳು ಹಚ್ಚಿದರೆ ಅದು ಬಂದು ಬೆರಳ ಎದುರಿಗೆ ನಿಲ್ಲುತ್ತಿತ್ತು.

ಕಸ್ತೂರೆವ್ವ ತೊಟ್ಟಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. ನೋಡಿದಳು. ಮೂಗು ಮುರಿದಳು.

"ಏನವಾ ಬನಶ್ರೀ, ಬೂದ್ಯಾಗ ಹೊರಳಿ ಬಂದಂಗ ಐತಲ್ಲ ನಿನ್ನ ಮೀನ! ಬರೇ ಒಡಲಿನ ಸೀರಿ ಯಾರರ ಉಡತಾರೇನು? ಅಂಚು ಬ್ಯಾಡ? ಸೆರಗು ಬ್ಯಾಡ? ತಡಿ, ನಾ ಇದಕ್ಕ ಜೋಡಿ ಹುಡುಕತೀನಿ."

"ಅತ್ತೀ, ಮುತ್ಯಾ ಜರಾ ಅಂಜುಬುರುಕ ಅದಾನ್ರಿ. ಜೋಡಿ ತರೂದಾದ್ರ ನೋಡಿ..."

"ನೋಡೂದು ನನಗ ಹೇಳಿಕೊಡತಿಯೇನು?"

ಹುಡುಗಿ ಹೊಸದಾಗಿ ಬಂದವಳು. ಕೊಡ ಎತ್ತಿಕೊಂಡು ನೀರಿಗೆ ನಡೆದಳು.

ಬಸ್‌ಸ್ಟ್ಯಾಂಡಿನ ಹಿಂದೆ ದಾವಲಸಾಬನ ಮೀನಿನ ಅಂಗಡಿ. ಕಸ್ತೂರೆವ್ವ ಅಲ್ಲಿಗೆ ಹೋದಳು. ದಾವಲಸಾಬ ಗಿರಾಕಿಗೆ ಮೀನು ಕೊಡುವ ಮುಂಚೆ ಹತ್ತು ಮಾತು ಕೇಳುವ ಮನುಷ್ಯ.

"ಮನ್ಯಾಗ ಈಗ ಯಾವ ಮೀನ ಐತ್ರಿ ಅವ್ವಾರ? ತೊಟ್ಟಿ ಎಷ್ಟ ದೊಡ್ಡದೈತಿ? ನೀರು ಸವಳೋ ಸಿಹಿಯೋ?"

"ನಾ ಮೀನ ಕೇಳಾಕ ಬಂದ್ರ ನೀ ನನ್ನ ಮನೀ ಸುದ್ದಿ ಕೇಳಾಕತ್ತೀಯಲ್ಲೋ! ಬೀಗತನಕ್ಕ ಬಂದೀನೇನು ನಾ?"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ದಾವಲಸಾಬನೂ ನಕ್ಕು ಪಕ್ಕಕ್ಕೆ ಸರಿದು ನಿಂತ.

ಕಸ್ತೂರೆವ್ವ ತೊಟ್ಟಿಗಳ ಮುಂದೆ ಹಾಯುತ್ತ ಹೋದಳು. ಒಂದು ಕಡೆ ಅವಳ ಕಾಲು ನಿಂತುಬಿಟ್ಟಿತು. ಹೊನ್ನಿನ ಮೈ. ಮೈಮೇಲೆ ಕರಿಯ ಪಟ್ಟೆ. ರೆಕ್ಕೆಯ ತುದಿಗೆ ಕುಂಕುಮದ ಕೆಂಪು. ನೀರಿನಲ್ಲಿ ಸರ್ರನೆ ಹೋಗಿ ಸರ್ರನೆ ತಿರುಗುತ್ತಿದ್ದವು. ಬೂದಿಗೆ ಹೊನ್ನು, ಹೊನ್ನಿಗೆ ಕರಿ, ಕರಿಗೆ ಕೆಂಪು. ಇನ್ನೇನು ಬೇಕು? ಅವಳ ಲೆಕ್ಕದಲ್ಲಿ ಸೀರೆ ನೇಯ್ದು ಮಡಿಕೆಯೂ ಆಗಿಹೋಗಿತ್ತು.

"ಅವ್ವಾರ, ಇವಕ್ಕ ಹುಲಿ ಬಾರ್ಬ್ ಅಂತಾರ್ರಿ. ಭಾಳ ಉಡಾಳ ಅದಾವ. ಉದ್ದ ರೆಕ್ಕಿ ಕಂಡ್ರ ಸುಮ್ನಿರಂಗಿಲ್ಲ. ಅದರಾಗ ದೊಡ್ಡ ಗುಂಪು ಬಿಟ್ಟು ನೀವು ಬರೇ ನಾಕೈದು ಒಯ್ದ್ರ ಉಡಾಳತನ ಇನ್ನೂ ಹೆಚ್ಚು."

"ಉಡಾಳರನ್ನ ನೆಟ್ಟಗ ಮಾಡೂದು ನನಗ ಬರತೈತಿ. ನೀ ಕಟ್ಟು."

ಅವ ಕಟ್ಟಿದ. ಅವಳು ತಂದಳು.

ಆ ದಿನ ಸಂಜೆ ಓಣಿಗೆ ಓಣಿಯೇ ಅವಳ ಮನೆಯಲ್ಲಿತ್ತು. ಎದುರು ಮನೆಯ ತಿಪ್ಪವ್ವ ಗಾಜಿಗೆ ಮೂಗು ಹಚ್ಚಿ, "ಕಸ್ತೂರೀ, ನೀರಾಗ ಸೀರಿ ಹಾಸಿದಂಗ ಐತಲ್ಲೇ!" ಅಂದಳು. ಕಸ್ತೂರೆವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟಳು. ಮುತ್ಯಾ ಎಲ್ಲಿದೆ ಅಂತ ಯಾರೂ ನೋಡಲಿಲ್ಲ. ಅದು ಹಿಂದೆ, ಗಾಳಿ ಬಿಡುವ ಪೈಪಿನ ಮರೆಯಲ್ಲಿ ನಿಂತಿತ್ತು.

ಕೆಲವು ದಿನ ಕಳೆದವು. ಒಂದು ಮುಂಜಾನೆ ಬನಶ್ರೀ, ಅತ್ತೆ ನೂಲು ಅದ್ದುತ್ತಿದ್ದ ಬಣ್ಣದ ಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತೀ, ಮುತ್ಯಾಗ ಒಂದು ಮೀಸಿ ಇಲ್ರಿ."

ಕಸ್ತೂರೆವ್ವ ಒಳಗೆ ಹೋಗಿ ಬಗ್ಗಿ ನೋಡಿದಳು. ಹೌದು. ಒಂದು ಎಳೆ ಬುಡದ ಹತ್ತಿರಕ್ಕೆ ತುಂಡಾಗಿತ್ತು. ಇನ್ನೊಂದು ಅರ್ಧ ಉಳಿದಿತ್ತು. ಬಾಲದ ಅಂಚು ಇಲಿ ಕಡಿದ ಅರಿವೆಯ ಹಾಗೆ ಹರಕು ಹರಕಾಗಿತ್ತು. ಅವಳು ನೋಡುತ್ತಿದ್ದಂತೆಯೇ ಒಂದು ಹುಲಿಪಟ್ಟೆಯ ಮೀನು ಸರ್ರನೆ ಬಂದು, ಉಳಿದ ಅರ್ಧ ಮೀಸೆಗೆ ಬಾಯಿ ಹಾಕಿ ಓಡಿತು. ಮುತ್ಯಾ ಮೂಲೆಗೆ ಇನ್ನೂ ಒತ್ತಿಕೊಂಡಿತು.

"ಉಣ್ಣಾಕ ಮ್ಯಾಲ ಬರವಲ್ದುರಿ," ಬನಶ್ರೀ ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. "ನನ್ನ ತವರಮನ್ಯಾಗಿಂದ ಬಂದ ಜೀವ ಇದೊಂದ ನೋಡ್ರಿ. ಇದೂ ಹೋಗತೈತಿ ಅಂತ ಕಾಣತೈತಿ."

"ಹೋಗಂಗಿಲ್ಲ." ಕಸ್ತೂರೆವ್ವ ಸೆರಗು ಬಿಗಿದಳು. "ನಾ ತಂದ ತಾಪತ್ರಯ. ನಾನ ಬಗಿಹರಸತೀನಿ. ನನ್ನ ಮನ್ಯಾಗ ಇದು ಸಾಯಾಂಗಿಲ್ಲ, ಹೇಳಿರತೀನಿ."

ಹೇಳಿದಳಲ್ಲ, ಹಿಂದೆ ಸರಿಯುವ ಹೆಂಗಸಲ್ಲ ಅವಳು. ಆದರೆ ಹೊನ್ನಿನ ಮೀನುಗಳನ್ನು ಬಿಡುವುದಕ್ಕೂ ಅವಳಿಗೆ ಮನಸ್ಸಿರಲಿಲ್ಲ. ತಾನು ಕೂಡಿಸಿದ ಜೋಡಿ ತಪ್ಪಿತು ಅಂತ ಓಣಿ ಆಡಿಕೊಳ್ಳಬಾರದು. ಎರಡನ್ನೂ ಒಟ್ಟಿಗೇ ಬಾಳಿಸುತ್ತೇನೆ ಅಂತ ಹಟ ತೊಟ್ಟಳು.

ಹಸಿದು ಕಚ್ಚುತ್ತಿರಬೇಕು ಅಂದುಕೊಂಡು ಹುಲಿಪಟ್ಟೆಗಳಿಗೆ ಹೊಟ್ಟೆ ಬಿರಿಯುವಂತೆ ಕಾಳು ಹಾಕಿದಳು. ಅವು ತಿಂದವು. ತಿಂದ ಹುರುಪಿನಲ್ಲಿ ಮುತ್ಯಾನ ಬೆನ್ನು ಹತ್ತಿದವು. ಉಳಿದ ಕಾಳು ಕೊಳೆತು ನೀರು ಅಕ್ಕಚ್ಚಿನ ಹಾಗಾಯಿತು.

ಹೆದರಿಸೋಣ ಅಂತ ಗಾಜಿಗೆ ಲಟ್ಟಣಿಗೆಯಿಂದ ಟಕಟಕ ಬಡಿದಳು. "ಬಿಡತಿಯೋ ಇಲ್ಲೋ, ಏ ಮೂಳ!" ಹುಲಿಪಟ್ಟೆಗಳಿಗೆ ಅದು ಆಟವಾಯಿತು. ಹೆದರಿದ್ದು ಮುತ್ಯಾ. ವಿರೂಪಾಕ್ಷ ಮಗ್ಗದಿಂದಲೇ ಕೂಗಿದ, "ಅವ್ವಾ, ಮೀನಿಗೆ ಬೈದ್ರ ಕೇಳಸತೈತೇನ ಅದಕ್ಕ? ಓಣ್ಯಾಗಿನ ಮಂದಿಗೆ ಕೇಳಸಾಕತ್ತೈತಿ!"

ಕೊನೆಗೆ ತೆಳ್ಳನೆಯ ಬಿಳಿ ಅರಿವೆ ತಂದು ತೊಟ್ಟಿಯ ನಡುವೆ ಪರದೆ ಕಟ್ಟಿದಳು. ಈ ಕಡೆ ಮುತ್ಯಾ, ಆ ಕಡೆ ಅವು. ಮುತ್ಯಾನ ಪಾಲಿಗೆ ಬಂದದ್ದು ಮೈ ತಿರುಗಿಸಲೂ ಆಗದಷ್ಟು ಜಾಗ. ತನ್ನದೇ ತೊಟ್ಟಿಯಲ್ಲಿ ಅದು ಸೆರೆಯಾಯಿತು. ಹುಲಿಪಟ್ಟೆಗಳು ಪರದೆಯನ್ನು ಕುಟುಕುತ್ತ ಕೂತವು.

ತಿಪ್ಪವ್ವ ಬಂದಳು, ನೋಡಿದಳು. "ಇದೇನ ಗೋಳು ಹಚಗೊಂಡಿಯೇ? ಆ ಬೂದಿ ಮೀನ ಹೋದ್ರ ಹೋಗಲಿ. ಚಂದ ಅದಾವಲ್ಲ, ಇವನ್ನ ಇಟಗೋ."

ನೀರು ತರುತ್ತಿದ್ದ ಬನಶ್ರೀಗೆ ಅದು ಕೇಳಿಸಿತು. ಅವಳು ಕೊಡ ಇಳಿಸಿ ಒಳಗೆ ಹೋದಳು. ಕಸ್ತೂರೆವ್ವನಿಗೆ ಮೈ ಉರಿಯಿತು. ತಿಪ್ಪವ್ವನ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯಲಿಲ್ಲ. ಬಣ್ಣದ ಮನೆಗೆ ಹೋಗಿ ಕೆಲಸಕ್ಕೆ ಕೈಹಾಕಿದಳು.

ಈಗ ಅವಳ ಕೆಲಸದ ಒಂದು ಪದ್ಧತಿ ಹೇಳಬೇಕು, ಮಕ್ಕಳೇ. ಹೊಸ ಬಣ್ಣದ ನೂಲನ್ನು ಅವಳು ಹಾಗೇ ಮಗ್ಗಕ್ಕೆ ಕೊಡುತ್ತಿರಲಿಲ್ಲ. ಅದರದೊಂದು ಎಳೆ, ಬಿಳಿ ನೂಲಿನದೊಂದು ಎಳೆ, ಎರಡನ್ನೂ ಸೇರಿಸಿ ಹೊಸೆಯುತ್ತಿದ್ದಳು. ನೀರಲ್ಲಿ ಅದ್ದಿ ಇಡುತ್ತಿದ್ದಳು. ಬಿಳಿ ಎಳೆ ಬಿಳಿಯಾಗಿಯೇ ಉಳಿದರೆ ಆ ಬಣ್ಣ ಸೀರೆಗೆ ಹೋಗುತ್ತಿತ್ತು. ಇಲ್ಲದಿದ್ದರೆ ಇಲ್ಲ.

ಹಿಂದಿನ ದಿನ ಅದ್ದಿಟ್ಟ ಕೆಂಪು ನೂಲಿನದೊಂದು ಹೊಸೆತ ಬಟ್ಟಲಲ್ಲಿತ್ತು. ಎತ್ತಿ ಹಿಂಡಿದಳು. ಬಿಳಿ ಎಳೆ ಗುಲಾಬಿಯಾಗಿತ್ತು. ಕೆಂಪು ಇಳಿದಿತ್ತು.

ಒಣಗಿದ್ದಾಗ ಎಂಥ ಕೆಂಪು ಅದು! ದಾಳಿಂಬೆಯ ಕಾಳಿನಂಥದ್ದು. ಬಿಳಿಯ ಪಕ್ಕದಲ್ಲಿಟ್ಟರೆ ಕಣ್ಣು ತೆಗೆಯಲಾಗುತ್ತಿರಲಿಲ್ಲ. ಆದರೂ ನೀರಿಗೆ ಬಿದ್ದ ಕೂಡಲೇ ಪಕ್ಕದ ಎಳೆಯನ್ನು ಕೆಡಿಸಿತು. ಕೆಂಪಿನ ತಪ್ಪೇ ಅದು? ಅಲ್ಲ. ಕೆಂಪಿನ ಜೊತೆಗೇ ನೇಯ್ದರೆ ಅದರಿಂದ ಯಾರಿಗೂ ಕೇಡಿಲ್ಲ. ಬಿಳಿಯ ಪಕ್ಕ ಕೂಡಿಸುವ ಕೈಯದು ತಪ್ಪು.

ಕಸ್ತೂರೆವ್ವ ಆ ತೊಯ್ದ ಎಳೆಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಎಂದೋ ಒಂದು ಸಲ ತೊಯ್ಯುವ ಸೀರೆಗೆ ಇಷ್ಟು ಪರೀಕ್ಷೆ ಮಾಡುತ್ತೇನೆ. ಹುಟ್ಟಿ ಸಾಯುವತನಕ ನೀರಿನಲ್ಲೇ ಇರುವ ಜೀವಗಳನ್ನು ಮಾತ್ರ ಒಣ ಅಂಗಡಿಯಲ್ಲಿ ನಿಂತು, ಬಣ್ಣ ನೋಡಿ ಕೂಡಿಸಿದೆನಲ್ಲ! ಮುಂಗೈಯಿಂದ ಹಣೆ ಒರೆಸಿಕೊಂಡಳು. ಹಣೆಗೆಲ್ಲ ಕೆಂಪಾಯಿತು.

ಎದ್ದು ಬಂದವಳೇ ತೊಟ್ಟಿಯ ಪರದೆ ಕಿತ್ತಳು. ಒಂದು ಬಲೆ, ಒಂದು ಮುಚ್ಚಳದ ಡಬ್ಬಿ ತಂದಳು. ಹುಲಿಪಟ್ಟೆಗಳನ್ನು ಒಂದೊಂದಾಗಿ ಹಿಡಿದು ಡಬ್ಬಿಗೆ ಬಿಡತೊಡಗಿದಳು. ಹಿಡಿಯುವುದೇನು ಸುಲಭವೇ? ಇಡೀ ಪಡಸಾಲೆ ನೀರಾಯಿತು, ಅವಳ ಸೀರೆಯೂ ತೊಯ್ದಿತು. ತಿಪ್ಪವ್ವ ಕಟ್ಟೆಯಿಂದಲೇ ಬಾಯಿ ಬಿಟ್ಟಳು.

"ಹುಚ್ಚ ಹಿಡಿತೇನ ನಿನಗ? ಓಣಿ ಎಲ್ಲಾ ನೋಡಾಕ ಬರತೈತಿ ಇವನ್ನ!"

"ನೋಡೋರು ನೋಡಿ ತಮ್ಮ ತಮ್ಮ ಮನೀಗೆ ಹೋಗತಾರ. ಇದರಾಗ ಇರಾಂವ ಮುತ್ಯಾ. ಬನಶ್ರೀ, ಚಪ್ಪಲಿ ಮೆಟ್ಟಿಕೋ, ನಡಿ."

ಅತ್ತೆ ಸೊಸೆ ಇಬ್ಬರೂ ದಾವಲಸಾಬನ ಅಂಗಡಿಗೆ ಹೋದರು. ಕಸ್ತೂರೆವ್ವ ಡಬ್ಬಿಯನ್ನು ಅವನ ಮುಂದಿಟ್ಟಳು.

"ದಾವಲಸಾಬ, ಅವತ್ತ ಏನೇನೋ ಕೇಳಿದ್ಯಲ್ಲ. ಅವನ್ನೆಲ್ಲಾ ಈಗ ಕೇಳು."

"ಕೇಳಿದ್ರ ಬೀಗತನ ಅಂತೀರಲ್ರಿ ಅವ್ವಾರ?"

"ಹೂಂ, ಬೀಗತನ ಅಂತನ ತಿಳಕೋ. ಈ ಸಲ ಹಂಗ ನೋಡಿನ ಒಯ್ಯಾಕಿ ನಾ."

ದಾವಲಸಾಬ ಹುಲಿಪಟ್ಟೆಗಳನ್ನು ದೊಡ್ಡದೊಂದು ತೊಟ್ಟಿಗೆ ಬಿಟ್ಟ. ಅಲ್ಲಿ ಅವುಗಳದೇ ಜಾತಿಯ ದೊಡ್ಡ ಗುಂಪಿತ್ತು. ಬಿಟ್ಟದ್ದೇ ತಡ, ಒಂದರ ಹಿಂದೆ ಒಂದು ಓಡಿದ್ದೇನು, ತಿರುಗಿದ್ದೇನು! ಒಂದು ಕಚ್ಚಲು ಬಂದರೆ ಇನ್ನೊಂದು ಅಷ್ಟೇ ಚುರುಕಾಗಿ ತಪ್ಪಿಸಿಕೊಳ್ಳುತ್ತಿತ್ತು. ಯಾರ ರೆಕ್ಕೆಯೂ ಹರಿದಿರಲಿಲ್ಲ.

"ನೋಡವಾ," ಕಸ್ತೂರೆವ್ವ ಸೊಸೆಗೆ ಹೇಳಿದಳು. "ಇಲ್ಲಿ ಎಷ್ಟ ಚಂದ ಅದಾವ. ಇವಕ್ಕ ನಾ ಸುಮ್ನ ಮೂಳ ಅಂದೆ."

ಆಮೇಲೆ ದಾವಲಸಾಬ ಕೇಳುತ್ತ ಹೋದ. ನೀರು ಎಂಥದ್ದು ಅಂತ ಕೇಳಿದಾಗ ಕಸ್ತೂರೆವ್ವ ತಾನೇ ಉತ್ತರ ಕೊಟ್ಟಳು, ಬಣ್ಣದವಳಿಗೆ ನೀರಿನ ಗುಣ ಗೊತ್ತಿಲ್ಲದೆ ಇರುತ್ತದೆಯೇ? ನಲ್ಲಿಯ ಸಿಹಿನೀರು. ಉಳಿದದ್ದಕ್ಕೆಲ್ಲ ಬನಶ್ರೀಯನ್ನು ಮುಂದೆ ತಳ್ಳಿದಳು. ಮುತ್ಯಾ ಎಲ್ಲಿ ಇರುತ್ತಾನೆ? ಮೇಲುನೀರಿನಲ್ಲಿ, ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತಾನೆ. ಹೇಗೆ ತಿನ್ನುತ್ತಾನೆ? ನಿಧಾನ, ಯಾರಾದರೂ ನುಗ್ಗಿ ಬಂದರೆ ತನ್ನದನ್ನು ಬಿಟ್ಟುಕೊಡುತ್ತಾನೆ. ಯಾವುದಕ್ಕೆ ಅಂಜುತ್ತಾನೆ? ಗದ್ದಲಕ್ಕೆ. ಹುಡುಗಿ ಒಂದೊಂದನ್ನೂ ಪಟಪಟನೆ ಹೇಳಿದಳು. ಮನೆಯಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ಕಸ್ತೂರೆವ್ವ ಕೇಳಿರಲಿಲ್ಲ.

ಕಸ್ತೂರೆವ್ವ ಈ ಸಲ ಪ್ರತಿ ತೊಟ್ಟಿಯ ಮುಂದೆಯೂ ಬಹಳ ಹೊತ್ತು ನಿಂತಳು. ನವಿಲಿನ ನೀಲಿಯ ಮೀನೊಂದಿತ್ತು, ಕಣ್ಣು ಕುಕ್ಕುವಂಥದ್ದು. ನಿಂತು ನೋಡಿದಳು. ಅದು ತನ್ನ ಮೂಲೆಗೆ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. "ಇದು ಒಲ್ಲೆ." ಬಂಗಾರದ ಗೋಲ್ಡ್‌ಫಿಶ್ ಇತ್ತು. ಅದು ಸಾಧು ಮೀನೇ, ಆದರೆ ಅದಕ್ಕೆ ತಂಪುನೀರು ಬೇಕು, ಮುತ್ಯಾಗೆ ಬೆಚ್ಚನೆಯದು ಬೇಕು, ಬೆಳೆದರೆ ನಿಮ್ಮ ಮನೆಯ ತೊಟ್ಟಿಯೂ ಸಾಲದು ಅಂದ ದಾವಲಸಾಬ. "ಇದೂ ಒಲ್ಲೆ."

ಕೊನೆಗೆ ಆರಿಸಿದ್ದು ಯಾವುದನ್ನು ಗೊತ್ತೇ? ನಡುನೀರಿನಲ್ಲಿ ಗುಂಪುಗಟ್ಟಿ ತಮ್ಮ ಪಾಡಿಗೆ ತಾವು ಓಡಾಡುವ ರಾಸ್ಬೋರಾ ಎಂಬ ಪುಟ್ಟ ಮೀನುಗಳನ್ನು. ಮತ್ತೆ ತಳದ ಮರಳಿನಲ್ಲಿ ಮೂತಿಯಿಂದ ತಡಕಾಡುತ್ತ ತಮ್ಮ ತುತ್ತು ಹುಡುಕಿಕೊಳ್ಳುವ, ಮಣ್ಣಿನ ಬಣ್ಣದ ಕೋರಿ ಎಂಬ ಮೀನುಗಳನ್ನು. ಎರಡನ್ನೂ ಗುಂಪಾಗಿಯೇ ತೆಗೆದುಕೊಂಡರು, ಒಂಟಿಯಾದರೆ ಅವೂ ಕೊರಗುತ್ತವಂತೆ. ಯಾರ ಬಾಯಿಯೂ ಮುತ್ಯಾನ ಮೀಸೆಯತ್ತ ಹೋಗುವುದಿಲ್ಲ. ಯಾರೂ ಮುತ್ಯಾನ ಬಾಯಿಗೆ ಹಿಡಿಯುವಷ್ಟು ಸಣ್ಣವರೂ ಅಲ್ಲ.

"ಈ ಮಣ್ಣಬಣ್ಣ ನೋಡಿದ್ರ ನನ್ನ ಕೈ ಬಣ್ಣ ಹಾಕಾಕ ಕಡಿತೈತಿ," ಕಸ್ತೂರೆವ್ವ ಅಂದಳು. "ಇರಲಿ, ಕಟ್ಟು."

ತಂದವಳು ಒಮ್ಮೆಲೇ ತೊಟ್ಟಿಗೆ ಸುರಿಯಲಿಲ್ಲ. ಹೊಸಬರನ್ನು ಬೇರೆ ಗಾಜಿನ ಭರಣಿಯಲ್ಲಿ ಬಿಟ್ಟು, ತೊಟ್ಟಿಗೆ ತಾಗಿಸಿ ಇಟ್ಟಳು. ಬಿಳಿ ಎಳೆಯ ಜೊತೆ ಹೊಸೆದು ನೋಡಿದ ಹಾಗೆ. ಒಬ್ಬರನ್ನೊಬ್ಬರು ನೋಡಲಿ, ಯಾರಿಗಾದರೂ ರೋಗವಿದ್ದರೆ ಅಲ್ಲೇ ಗೊತ್ತಾಗಲಿ. ಕೆಲಸದ ನಡುವೆ ಹತ್ತು ಸಲ ಬಂದು ಬಗ್ಗಿ ನೋಡಿದಳು. ಎಲ್ಲ ಸರಿಯಿದೆ ಅನ್ನಿಸಿದ ಮೇಲೆಯೇ ಒಳಗೆ ಬಿಟ್ಟಳು.

ಆದರೂ ಮುತ್ಯಾ ಪೈಪಿನ ಮರೆಯಿಂದ ಹೊರಗೆ ಬರಲಿಲ್ಲ. ಪೆಟ್ಟು ತಿಂದದ್ದಕ್ಕೆ ಅಷ್ಟು ಬೇಗ ನಂಬಿಕೆ ಬರುತ್ತದೆಯೇ? ಹೊಟ್ಟೆ ಬೆನ್ನಿಗೆ ಹತ್ತಿತ್ತು. ಮೈಮೇಲಿನ ಚುಕ್ಕಿ ಮಂಕಾಗಿತ್ತು. ಗಾಳಿ ಕುಡಿಯಲು ಮೇಲೆ ಹೋಗಿ ಬರುವುದೇ ಅದಕ್ಕೆ ಭಾರವಾಗಿತ್ತು. ಇನ್ನೊಂದು ದಿನ ತಿನ್ನದಿದ್ದರೆ ಉಳಿಯುವುದಿಲ್ಲ ಅಂತ ಬನಶ್ರೀಗೆ ಗೊತ್ತಾಯಿತು. ಕಸ್ತೂರೆವ್ವನಿಗೂ ಗೊತ್ತಾಯಿತು. ಕಸ್ತೂರೆವ್ವ ಬಣ್ಣದ ಗಡಿಗೆಯನ್ನು ಒಲೆಯಿಂದ ಇಳಿಸಿಟ್ಟು, ತೊಟ್ಟಿಯ ಮುಂದೆ ಚಾಪೆ ಹಾಸಿ ಕೂತುಬಿಟ್ಟಳು. "ಇವತ್ತ ಇವ ಉಣ್ಣೂತನ ನಾ ಏಳಾಂಗಿಲ್ಲ." ಸೊಸೆಯೂ ಪಕ್ಕದಲ್ಲಿ ಕೂತಳು.

ತಳದಲ್ಲಿ ಕೋರಿಗಳು ಮರಳು ಕೆದಕುತ್ತಿದ್ದವು. ನಡುವೆ ರಾಸ್ಬೋರಾಗಳು ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದವು. ಯಾರಿಗೂ ಅವಸರವಿಲ್ಲ, ಅಂಜಿಕೆಯಿಲ್ಲ. ಮುತ್ಯಾ ನೋಡುತ್ತಿತ್ತು. ಸಣ್ಣವರು ಇಷ್ಟು ನಿಶ್ಚಿಂತೆಯಿಂದ ಓಡಾಡುತ್ತಿದ್ದಾರೆ ಅಂದರೆ ಇಲ್ಲಿ ಭಯವಿಲ್ಲ ಅಂತ ಅದಕ್ಕೂ ಅನ್ನಿಸಿರಬೇಕು. ಮೊದಲು ಮೂತಿ ಹೊರಗೆ ಬಂತು. ಆಮೇಲೆ ಅರ್ಧ ಮೈ. ಒಂದು ರಾಸ್ಬೋರಾ ತೀರ ಹತ್ತಿರ ಹಾದುಹೋಯಿತು. ಮುತ್ಯಾ ತನ್ನ ತುಂಡು ಮೀಸೆಯನ್ನು ಚಾಚಿ ಅದನ್ನು ಮುಟ್ಟಿತು.

ಬನಶ್ರೀ ಅತ್ತೆಯ ಕೈ ಹಿಡಿದಳು.

ಅದು ತಿರುಗಿ ಕಚ್ಚಲಿಲ್ಲ. ತನ್ನ ದಾರಿ ಹಿಡಿದು ಹೋಯಿತು. ಮುತ್ಯಾ ಮೆಲ್ಲಗೆ ಮೇಲೆ ಬಂತು. ತೇಲುತ್ತಿದ್ದ ಕಾಳೊಂದನ್ನು ಮುಟ್ಟಿತು. ಮತ್ತೊಮ್ಮೆ ಮುಟ್ಟಿತು. ತಿಂದಿತು.

"ಉಂಡ! ಉಂಡ್ನಲ್ರಿ ಅತ್ತೀ!"

"ಉಣ್ಣದ ಏನ್ಮಾಡತಾನ? ಕೂತಾಕಿ ಯಾರು?" ಅಂದಳು ಕಸ್ತೂರೆವ್ವ. ಆಮೇಲೆ ಸೊಸೆಯ ಕಡೆ ತಿರುಗಿ ಕೇಳಿದಳು, "ನಿಧಾನ ಉಣ್ತಾನ, ಗದ್ದಲಕ್ಕ ಅಂಜತಾನ, ಯಾರರ ನುಗ್ಗಿದ್ರ ಬಿಟ್ಟಕೊಡತಾನ. ಅಂಗಡ್ಯಾಗ ಹಂಗ ಪಟಪಟ ಹೇಳಿದಿ. ಇಷ್ಟೆಲ್ಲಾ ನಿನಗ ಹೆಂಗ ತಿಳೀತವಾ?"

ಬನಶ್ರೀ ಇನ್ನೂ ಮುತ್ಯಾನನ್ನೇ ನೋಡುತ್ತಿದ್ದಳು. ಆ ಖುಷಿಯಲ್ಲೇ ನಕ್ಕು ಅಂದಳು, "ನಾನೂ ಹಂಗ ಅದೀನಲ್ರಿ ಅತ್ತೀ."

ದೂರು ಹೇಳಿದ್ದಲ್ಲ ಅವಳು. ಬಾಯಿಗೆ ಬಂದದ್ದು ಅಂದಳು. ಕಸ್ತೂರೆವ್ವ ಮಾತ್ರ ಮುತ್ಯಾನನ್ನು ಬಿಟ್ಟು ಸೊಸೆಯನ್ನೇ ನೋಡತೊಡಗಿದಳು.

ಆ ಮನೆಯ ಊಟ ಅಂದರೆ ಮಗ್ಗ ನಿಲ್ಲಿಸಿ ಬಂದವರ ಊಟ. ಎಲ್ಲರೂ ಸಾಲಾಗಿ ಕೂತು, ಗದ್ದಲ ಮಾಡುತ್ತ, ಗಬಗಬನೆ ಉಂಡು ಏಳುತ್ತಿದ್ದರು. ಹಿರಿಯಳಾದ ಕಸ್ತೂರೆವ್ವ ಕೈತೊಳೆದಳೆಂದರೆ ಮುಗೀತು, ಆಮೇಲೆ ಯಾರೂ ಕೂತು ಉಣ್ಣುವಂತಿಲ್ಲ. ಅದು ಅವಳ ಅತ್ತೆಯ ಕಾಲದಿಂದ ಬಂದ ರೀತಿ. ಅಂದು ವಿರೂಪಾಕ್ಷ ಉಂಡು ಎದ್ದ. ಕಸ್ತೂರೆವ್ವನ ತಾಟೂ ಖಾಲಿಯಾಗಿತ್ತು. ನೀರಿನ ತಂಬಿಗೆಗೆ ಕೈಚಾಚಿದವಳು ಪಕ್ಕಕ್ಕೆ ತಿರುಗಿ ನೋಡಿದಳು. ಸೊಸೆಯ ತಾಟಿನಲ್ಲಿ ಇನ್ನೂ ಅರ್ಧ ರೊಟ್ಟಿ. ಹುಡುಗಿ ಅದನ್ನು ಮಡಚಿ ಬದಿಗಿಟ್ಟು, ಏಳಲು ನೆಲಕ್ಕೆ ಕೈಯೂರಿದ್ದಳು. ಎಷ್ಟು ದಿನದಿಂದ ಹೀಗೆ ಅರ್ಧಕ್ಕೇ ಏಳುತ್ತಿದ್ದಳೋ!

ಕಸ್ತೂರೆವ್ವ ತಂಬಿಗೆಯಿಂದ ಕೈ ಹಿಂದಕ್ಕೆ ತೆಗೆದಳು. ತನ್ನ ಖಾಲಿ ತಾಟಿಗೆ ಚಿಟಿಕೆ ಶೇಂಗಾಪುಡಿ ಹಾಕಿಕೊಂಡಳು. ಬೆರಳಿನಿಂದ ಅದನ್ನು ಆಡಿಸುತ್ತ ಕೂತಳು.

"ಕೂಡು. ನಿನ್ನ ಊಟ ಆಗೂತನ ನಾ ಕೈ ತೊಳಿಯಾಂಗಿಲ್ಲ."

ಹೊರಗಿನಿಂದ ತಿಪ್ಪವ್ವ ಕೂಗಿದಳು, "ಕಸ್ತೂರೀ, ಬಣ್ಣ ಕೇಳಾಕ ಮಂದಿ ಬಂದಾರ, ಬಾರೇ! ಇನ್ನೂ ಏನ ಉಣ್ಣಾಕತ್ತಿ?"

"ಬಂದೋರಿಗೆ ಚಾಪಿ ಹಾಸು. ನಮ್ಮ ಮನ್ಯಾಗ ಇನ್ನೂ ಊಟ ನಡದೈತಿ."

ಬನಶ್ರೀ ಮಡಚಿಟ್ಟ ರೊಟ್ಟಿಯನ್ನು ಬಿಚ್ಚಿದಳು. ಒಂದೊಂದೇ ತುತ್ತು ಮುರಿದು, ಅವಸರವಿಲ್ಲದೆ ಉಂಡಳು. ಮುಗಿದ ಮೇಲೆ ರೊಟ್ಟಿಯ ಬುಟ್ಟಿಯತ್ತ ನೋಡಿ, ಅತ್ತೆಯತ್ತ ನೋಡಿ, ಇನ್ನೊಂದು ರೊಟ್ಟಿಗೆ ಕೈ ಹಾಕಿದಳು.

ನೀತಿ: ಕಣ್ಣಿಗೆ ಜೋಡಿಯಾಗಿ ಕಂಡದ್ದೆಲ್ಲ ಒಂದೇ ನೀರಿನಲ್ಲಿ ಬಾಳುವುದಿಲ್ಲ. ತೊಟ್ಟಿಗೆ ಮೀನು ತರುವಾಗಲೂ, ಮನೆಗೆ ಮನುಷ್ಯರು ಬಂದಾಗಲೂ, ಬಣ್ಣ ನೋಡುವ ಮೊದಲು ಅವರ ಸ್ವಭಾವ ಕೇಳಿ ತಿಳಿದುಕೊಳ್ಳಿ. ತಪ್ಪಿ ಕೂಡಿಸಿದ್ದರೆ ಹಟ ಬಿಟ್ಟು ತಿದ್ದಿಕೊಳ್ಳಿ. ಕೂಡಿ ಬಾಳುವ ಜಾಗದಲ್ಲಿ ಎಲ್ಲರಿಗಿಂತ ನಿಧಾನವಾದ ಜೀವವೂ ಹೊಟ್ಟೆತುಂಬ ಉಣ್ಣುವಂತಿರಬೇಕು.